ಎಂಆರ್‌ಐ ರಿಪೋರ್ಟ್ ಬದಲಾಗಿಲ್ಲ ಅಂದ್ರೆ ಕಾಯಿಲೆ ನಿಂತಿದೆ ಅಂತಲ್ಲ

ನಿಮ್ಮ ಅಣ್ಣನಿಗೆ ಎಸ್‌ಸಿಎ2, ಅಂದ್ರೆ ಕಿರುಮೆದುಳು ಕುಗ್ಗಿ ನಡಿಗೆ, ಮಾತಿನ ಹಿಡಿತ ತಪ್ಪುವ, ವಂಶದಲ್ಲಿ ಬರುವ ‘ಅಟಾಕ್ಸಿಯಾ’ ಕಾಯಿಲೆಗಳಲ್ಲೊಂದು. ಹೋದ ವರ್ಷದ ಎಂಆರ್‌ಐ ರಿಪೋರ್ಟಲ್ಲೂ ಈ ವರ್ಷದ್ದರಲ್ಲೂ ‘ಕಿರುಮೆದುಳು ಕುಗ್ಗಿದೆ’ ಅನ್ನೋ ಒಂದೇ ಸಾಲಿದೆ, ಆದ್ರೆ ನಡಿಗೆ ಹದಗೆಟ್ಟಿದೆ, ಕಾಯಿಲೆ ನಿಂತಿದೆಯಾ ಅಂತ ಕೇಳಿದ್ದೀರಿ. ದಯವಿಟ್ಟು ಆ ಸಾಲು ನೋಡಿ ಹಾಗೆ ತೀರ್ಮಾನಿಸಬೇಡಿ.

ಮಾಮೂಲಿ ರಿಪೋರ್ಟ್ ಬರೆಯುವುದು ಹೆಚ್ಚಾಗಿ ಕಣ್ಣಳತೆಯಲ್ಲಿ. ಒಂದು ವರ್ಷದಲ್ಲಿ ಆಗುವ ಕುಗ್ಗುವಿಕೆ ತೀರಾ ಸಣ್ಣದು, ಕಣ್ಣಿಗೆ ಬೀಳುವುದೇ ಕಷ್ಟ. ಸಂಶೋಧನೆಯಲ್ಲಾದರೆ ಸುಮಾರು 1 ಮಿಲಿಮೀಟರ್ ದಪ್ಪದ ಪದರಗಳಲ್ಲಿ ಚಿತ್ರ ತೆಗೆದು, ಸಾಫ್ಟ್‌ವೇರ್‌ನಿಂದ ಕಿರುಮೆದುಳು ಮತ್ತು ಮೆದುಳಿನ ಕಾಂಡದ ಭಾಗವಾದ ಪಾನ್ಸ್‌ನ ಗಾತ್ರ ಅಳೆಯುತ್ತಾರೆ. ಎಸ್‌ಸಿಎ2ರಲ್ಲಿ ಈ ಪಾನ್ಸ್ ಬಹಳ ಮುಖ್ಯ. ಪಕ್ಕದಿಂದ ತೆಗೆದ ಚಿತ್ರದಲ್ಲಿ, ಮೆದುಳಿನ ಕಾಂಡದ ನಡುವೆ, ಅದು ಮುಂದಕ್ಕೆ ದುಂಡಗೆ ಉಬ್ಬಿರುತ್ತದೆ. ಈ ಕಾಯಿಲೆಯಲ್ಲಿ ಆ ಉಬ್ಬು ಬರಬರುತ್ತಾ ಚಪ್ಪಟೆಯಾಗುತ್ತದೆ. (ಎಲ್ಲ ಅಟಾಕ್ಸಿಯಾಗಳಲ್ಲೂ ಹೀಗಲ್ಲ. ಎಸ್‌ಸಿಎ6ರಲ್ಲಿ ಹೊಡೆತ ಹೆಚ್ಚಾಗಿ ಕಿರುಮೆದುಳಿಗೇ, ಫ್ರೀಡ್ರೈಕ್ ಅಟಾಕ್ಸಿಯಾದಲ್ಲಿ ಕತ್ತಿನ ಬಳಿಯ ಬೆನ್ನುಹುರಿ ತೆಳುವಾಗುತ್ತದೆ.)

ಇನ್ನೊಂದು ವಿಷಯ. ಎರಡು ಸ್ಕ್ಯಾನೂ ಒಂದೇ ಮಷೀನಲ್ಲಿ, ಒಂದೇ ಸೆಟ್ಟಿಂಗಲ್ಲಿ ಆಗಿತ್ತಾ? ಇಲ್ಲದಿದ್ದರೆ ಅಳತೆ ಹೋಲಿಸುವುದೇ ಕಷ್ಟ. ಮಷೀನಿನ ವ್ಯತ್ಯಾಸವೇ ಕಾಯಿಲೆಯ ಬದಲಾವಣೆಗಿಂತ ಜಾಸ್ತಿ ಇರಬಹುದು.

ನನ್ನ ಅಭಿಪ್ರಾಯ ಕೇಳಿದರೆ, ಸುಮ್ನೆ ವರ್ಷ ವರ್ಷ ಸ್ಕ್ಯಾನ್ ಮಾಡಿಸುವುದಕ್ಕಿಂತ ಡಾಕ್ಟರ ಹತ್ತಿರ ‘ಸಾರಾ’ ಅಂಕ ಹಾಕಿಸಿ. ನಡಿಗೆ, ನಿಲ್ಲುವುದು, ಮಾತು, ಕೈಯ ಚಲನೆಯ ಮೇಲಿನ ಹಿಡಿತ ಎಲ್ಲ ನೋಡಿ 0ಯಿಂದ 40ರವರೆಗೆ ಕೊಡುವ ಅಂಕ ಅದು, ಜಾಸ್ತಿಯಾದಷ್ಟೂ ತೊಂದರೆ ಜಾಸ್ತಿ. ಹಳೆಯ ಸ್ಕ್ಯಾನ್‌ಗಳ ಸಿ.ಡಿ. ಮಾತ್ರ ಎಸೆಯಬೇಡಿ. ಮುಂದೆ ಔಷಧಿ ಪ್ರಯೋಗಕ್ಕೆ ಅಣ್ಣ ಸೇರುವುದಾದರೆ ಡಾಕ್ಟರು ಅದನ್ನು ಕೇಳಬಹುದು.