ಹಳೆಯ ಬುಲೆಟ್‌ನಲ್ಲಿ ಆಯಿಲ್ ಸೋರಿಕೆ, ನೀಲಿ ಹೊಗೆ: ಬೋರ್ ಮಾಡಿಸಲೇಬೇಕೇ?

ಬೇಡ. ಈ ವಾರವಂತೂ ಖಂಡಿತ ಬೇಡ.

ನೀವು ಬರೆದದ್ದನ್ನು ಎರಡು ಸಲ ಓದಿದೆ. 1996ರ ಬುಲೆಟ್ 350, ಬಲಗಾಲಿನ ಗೇರ್, ಕಾಸ್ಟ್ ಐರನ್ ಎಂಜಿನ್. ಮಳೆಗಾಲದ ಎರಡು ತಿಂಗಳು ಶಿವಮೊಗ್ಗದ ಮನೆಯ ಶೆಡ್ಡಿನಲ್ಲಿ ನಿಂತಿತ್ತು. ಈಗ ಅಡಿಯಲ್ಲಿ ಮೂರು ಕಡೆ ಕಲೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಐದು ನಿಮಿಷ ನೀಲಿ ಹೊಗೆ, ಆಮೇಲೆ ಮಾಯ. ಆಗುಂಬೆ ಘಾಟಿ ಇಳಿಯುವಾಗ ಹಿಂದೆ ಬರುತ್ತಿದ್ದ ಗೆಳೆಯನಿಗೆ ಮತ್ತೆ ಹೊಗೆ ಕಂಡಿದೆ. ಮೆಕ್ಯಾನಿಕ್ ಒಮ್ಮೆ ಕಿಕ್ ಹೊಡೆದು ನೋಡಿ, ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ) ಹೋಗಿದೆ, ಕೊರೆಸಿ ಸರಿಮಾಡಲು ಇಪ್ಪತ್ತು ಸಾವಿರ ಆಗುತ್ತದೆ ಎಂದಿದ್ದಾರೆ. ಮುಂದಿನ ತಿಂಗಳು ಕರಾವಳಿ ಪ್ರವಾಸವಿದೆ. ಇಷ್ಟು ತಾನೇ?

ಹೊಗೆಯ ಬಣ್ಣವನ್ನು ಎಲ್ಲರೂ ನೋಡುತ್ತಾರೆ. ಹೊಗೆ ಬರುವ ಹೊತ್ತನ್ನು ಕೇಳುವವರು ಕಡಿಮೆ. ನೀಲಿ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದಷ್ಟೇ ಅರ್ಥ. ಆ ಆಯಿಲ್ ಯಾವ ಬಾಗಿಲಿನಿಂದ ಒಳಗೆ ಬಂತು ಎಂಬುದನ್ನು ಹೇಳುವುದು ಹೊತ್ತು. ನೀವು ಹೊತ್ತನ್ನೂ ಬರೆದಿದ್ದೀರಿ, ಅದರಿಂದ ನನ್ನ ಅರ್ಧ ಕೆಲಸ ಮುಗಿಯಿತು.

ಮೊದಲು ಬೆಳಗಿನ ಹೊಗೆ. ಈ ಪಾಠಕ್ಕೆ ನಾನು ದುಬಾರಿ ಶುಲ್ಕ ಕಟ್ಟಿದ್ದೇನೆ. ನಮ್ಮ ಮನೆ ಶಿರಸಿಯ ಹತ್ತಿರ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಬೈಕಿಗೆ ರಜೆ. ಒಂದು ವರ್ಷ ಮಳೆ ಬಿಟ್ಟ ಮೇಲೆ ಹೊದಿಕೆ ತೆಗೆದು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡಿದರೆ ತುದಿಗೂ ಎಣ್ಣೆ ತಾಗುತ್ತಿಲ್ಲ. ನೆಲದಲ್ಲಿ ದೊಡ್ಡ ಕಲೆಯೇನೂ ಇಲ್ಲ. ಎಲ್ಲಿಗೆ ಹೋಯಿತು ಎಂದು ಯೋಚಿಸುವ ಬದಲು ಮುಕ್ಕಾಲು ಲೀಟರ್ ಹೊಸ ಆಯಿಲ್ ಸುರಿದೆ. ಏಳೆಂಟು ಕಿಕ್‌ಗೆ ಸ್ಟಾರ್ಟ್ ಆಯಿತು. ಆಮೇಲಿನದು ಸೊಳ್ಳೆಗೆ ಹೊಗೆ ಹಾಕುವ ಗಾಡಿ ಅಂಗಳಕ್ಕೆ ಬಂದಂತಿತ್ತು. ಎಂಜಿನ್ನಿನ ಒಳಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಆಯಿಲ್ ಗಳಗಳನೆ ಕಕ್ಕಿ, ಅಮ್ಮ ಅಂದು ಬೆಳಿಗ್ಗೆಯಷ್ಟೇ ಸಗಣಿ ಸಾರಿಸಿದ್ದ ಅಂಗಳದಲ್ಲಿ ಊಟದ ಬಾಳೆಯಷ್ಟಗಲ ಕಪ್ಪು ಮಡು. ಪೇಟೆಯ ಮೆಕ್ಯಾನಿಕ್ ಒಬ್ಬರು ನಿಮ್ಮವರು ಹೇಳಿದ್ದನ್ನೇ ಹೇಳಿದರು. ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿಸಿ, ಹೊಸ ಭಾಗಗಳು ಹದವಾಗಲೆಂದು (ರನ್ನಿಂಗ್-ಇನ್) ತಿಂಗಳುಗಟ್ಟಲೆ ಎತ್ತಿನ ಗಾಡಿಯ ವೇಗದಲ್ಲಿ ಓಡಿಸಿದೆ. ಮುಂದಿನ ವರ್ಷ ಮಳೆ ಬಿಟ್ಟಿತು. ಅದೇ ಡಿಪ್‌ಸ್ಟಿಕ್, ಅದೇ ಹೊಗೆ.

ಆ ಸಲ ಆಯಿಲ್ ಸುರಿಯಲಿಲ್ಲ. ಎಂಜಿನ್ ಅಡಿಗೆ ಐಸ್‌ಕ್ರೀಮ್ ಡಬ್ಬ ಇಟ್ಟು ಕ್ರ್ಯಾಂಕ್‌ಕೇಸ್ ಡ್ರೈನ್ ಬೋಲ್ಟ್ ಬಿಚ್ಚಿದೆ. ಅಲ್ಲಿ ನಾಲ್ಕು ಚಮಚ ಇರಬೇಕಾದ ಕಡೆ ಅರ್ಧ ಲೀಟರಿಗೂ ಹೆಚ್ಚು ಬಂತು. ಕಳೆದುಹೋದ ಆಯಿಲ್ ಎಂಜಿನ್ನಿನ ಒಳಗೇ ಕುಳಿತಿತ್ತು.

ಈ ಎಂಜಿನ್‌ನಲ್ಲಿ ಆಯಿಲ್ ಟ್ಯಾಂಕ್ ಬೇರೆ, ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ಕ್ರ್ಯಾಂಕ್ ಇರುವ ಕೋಣೆ (ಕ್ರ್ಯಾಂಕ್‌ಕೇಸ್) ಬೇರೆ. ಎರಡೂ ಒಂದೇ ಎರಕದೊಳಗಿದ್ದರೂ ನಡುವೆ ಗೋಡೆಯಿದೆ. ಒಂದು ಪಂಪ್ ಟ್ಯಾಂಕಿನಿಂದ ಆಯಿಲ್ ಕಳಿಸುತ್ತದೆ, ಇನ್ನೊಂದು ಪಂಪ್ ಕೆಳಗೆ ಬಿದ್ದದ್ದನ್ನು ಎತ್ತಿ ಟ್ಯಾಂಕಿಗೆ ಹಾಕುತ್ತದೆ. ಪಂಪಿನ ಡಿಸ್ಕ್ ಸವೆದು ತನ್ನ ಪೀಠದ ಮೇಲೆ ಸರಿಯಾಗಿ ಕೂರದಿದ್ದರೆ, ಗಾಡಿ ನಿಂತಾಗ ಆಯಿಲ್ ಹನಿಹನಿಯಾಗಿ ಟ್ಯಾಂಕಿನಿಂದ ಕ್ರ್ಯಾಂಕ್ ಕೋಣೆಗೆ ಇಳಿಯುತ್ತದೆ. ಬುಲೆಟ್ ಬಲ್ಲವರು ಇದಕ್ಕೆ ವೆಟ್ ಸಂಪಿಂಗ್ ಎನ್ನುತ್ತಾರೆ. ಸ್ಟಾರ್ಟ್ ಮಾಡಿದೊಡನೆ ಕ್ರ್ಯಾಂಕ್ ಆ ಮಡುವನ್ನು ಕಡೆದು ಸಿಲಿಂಡರ್ ಗೋಡೆಗೆ ಎರಚುತ್ತದೆ, ಪಿಸ್ಟನ್ನಿನ ಸುತ್ತಲಿನ ರಿಂಗುಗಳು ಅಷ್ಟನ್ನು ಕೆರೆದು ತೆಗೆಯಲಾರವು, ಹೊಗೆ ಬರುತ್ತದೆ. ಎರಡನೆಯ ಪಂಪ್ ಕೋಣೆಯನ್ನು ಖಾಲಿ ಮಾಡಿದ ಮೇಲೆ ಹೊಗೆ ನಿಲ್ಲುತ್ತದೆ. ನಿಮ್ಮ ‘ಐದು ನಿಮಿಷ, ಆಮೇಲೆ ಮಾಯ’ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಖಚಿತ ಮಾಡಿಕೊಳ್ಳಲು ಒಂದು ಪೈಸೆ ಬೇಡ. ಸಂಜೆ ಹತ್ತು ಕಿಲೋಮೀಟರ್ ಓಡಿಸಿ ಬಂದು, ಸೆಂಟರ್ ಸ್ಟ್ಯಾಂಡ್ ಹಾಕಿ, ಎರಡು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಮೂರು ದಿನ ಮುಟ್ಟಬೇಡಿ. ಮತ್ತೆ ನೋಡಿ. ಮಟ್ಟ ಇಳಿದಿದ್ದು ನೆಲ ಒಣಗಿದ್ದರೆ ಆಯಿಲ್ ಎಲ್ಲಿದೆ ಎಂದು ನಿಮಗೆ ಗೊತ್ತಾಯಿತು. ಇದೇ ಕಾರಣಕ್ಕೆ ಈ ಗಾಡಿಯಲ್ಲಿ ತಣ್ಣಗಿರುವಾಗ ಮಟ್ಟ ನೋಡಿ ಆಯಿಲ್ ಸುರಿಯಬಾರದು. ನೀವು ಮಳೆಗಾಲದ ನಂತರ ಸುರಿದಿದ್ದೀರಾ? ಬರೆದಿಲ್ಲ. ಸುರಿದಿದ್ದರೆ ಸೋರಿಕೆಯ ಒಂದು ಪಾಲಿಗೆ ಅದೇ ಕಾರಣವಿರಬಹುದು.

ಇನ್ನು ಘಾಟಿಯ ಹೊಗೆ, ಇದು ಬೇರೆ ಕಥೆ. ಆಗುಂಬೆಯಿಂದ ಸೋಮೇಶ್ವರದವರೆಗಿನ 14 ಹೇರ್‌ಪಿನ್ ತಿರುವುಗಳನ್ನು ಇಳಿಯುವಾಗ ಆ್ಯಕ್ಸಿಲರೇಟರ್ ಮುಚ್ಚಿರುತ್ತದೆ, ಗೇರ್ ಗಾಡಿಯನ್ನು ಹಿಡಿದಿರುತ್ತದೆ. ಆಗ ಇನ್‌ಲೆಟ್ (ಗಾಳಿ, ಪೆಟ್ರೋಲ್ ಒಳಬರುವ) ದಾರಿಯಲ್ಲಿ ಗಾಳಿಯ ಎಳೆತ ಜೋರು. ವಾಲ್ವ್ ಗೈಡ್ (ವಾಲ್ವಿನ ಕಡ್ಡಿ ಓಡಾಡುವ ಕೊಳವೆ) ಸವೆದಿದ್ದರೆ ಆ ಎಳೆತ ಮೇಲೆ ವಾಲ್ವನ್ನು ಒತ್ತುವ ರಾಕರ್ ಕಡೆಯ ಆಯಿಲ್ಲನ್ನು ಗೈಡ್ ಸಂದಿನಿಂದ ಒಳಗೆಳೆಯುತ್ತದೆ. ತಿರುವು ದಾಟಿ ಮತ್ತೆ ಆ್ಯಕ್ಸಿಲರೇಟರ್ ತಿರುಗಿಸಿದಾಗ ಒಂದು ಗುಪ್ಪೆ ನೀಲಿ ಹೊಗೆ. ನಿಮ್ಮ ಗೆಳೆಯನನ್ನು ಕೇಳಿ: ಹೊಗೆ ಇಳಿಯುವ ಉದ್ದಕ್ಕೂ ಬಂತೇ, ತಿರುವಿನ ಆಚೆ ಗುಪ್ಪೆಯಾಗಿ ಬಂತೇ? ವಾಪಸ್ ಹತ್ತುವಾಗ ಏನಾಯಿತು? ಹತ್ತುವಾಗ ಎಂಜಿನ್ ದುಡಿಯುತ್ತಿರುತ್ತದೆ, ಇನ್‌ಲೆಟ್ ಎಳೆತ ಕಡಿಮೆ, ಸಿಲಿಂಡರ್ ಒತ್ತಡ ಹೆಚ್ಚು. ರಿಂಗ್ ಅಥವಾ ಬೋರ್ ಸವೆದಿದ್ದರೆ ಹತ್ತುವ ದಾರಿಯುದ್ದಕ್ಕೂ ಹೊಗೆ ಎಳೆಎಳೆಯಾಗಿ ಬರುತ್ತಲೇ ಇರುತ್ತದೆ. ಇಳಿಯುವಾಗ ಗೈಡ್, ಏರುವಾಗ ರಿಂಗ್. ಒಂದೇ ರಸ್ತೆ ಎರಡಕ್ಕೂ ಸಾಕ್ಷಿ ಹೇಳುತ್ತದೆ.

ಗೈಡ್ ಎಂದಾದರೆ ಹೆಡ್ ಒಂದನ್ನೇ ಬಿಚ್ಚಿದರೆ ಸಾಕು, ಬೋರಿಗೆ ಕೈ ಹಾಕುವ ಅಗತ್ಯವಿಲ್ಲ. ಸ್ವಲ್ಪ ಗುಪ್ಪೆ ಹೊಗೆಯೊಂದಿಗೇ ಸಾವಿರಾರು ಕಿಲೋಮೀಟರ್ ಓಡಿದ ಬುಲೆಟ್‌ಗಳನ್ನು ನೋಡಿದ್ದೇನೆ. ಪ್ರವಾಸ ಮುಗಿದ ಮೇಲೆ ಮಾಡಿಸಿದರೂ ನಡೆಯುತ್ತದೆ.

ಮೆಕ್ಯಾನಿಕ್‌ಗೆ ಪುರಾವೆಯೇ ಬೇಕೆಂದರೆ ಕಂಪ್ರೆಶನ್ ಗೇಜ್ ಹಾಕಿಸಿ. ಪ್ಲಗ್ ತೆಗೆದು ಗೇಜ್ ಕೂರಿಸಿ, ಆ್ಯಕ್ಸಿಲರೇಟರ್ ಪೂರ್ತಿ ತೆರೆದು ಐದಾರು ಕಿಕ್. ಅಂಕಿ ಬರೆದುಕೊಳ್ಳಿ. ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಷ್ಟೇ ಕಿಕ್. ಅಂಕಿ ಎದ್ದು ಕಾಣುವಷ್ಟು ಏರಿದರೆ ರಿಂಗ್, ಬೋರ್ ಸವೆದಿವೆ, ಆಯಿಲ್ ಆ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿತು. ಅಂಕಿ ಕಡಿಮೆಯಿದ್ದು ಏರದೇ ಉಳಿದರೆ ವಾಲ್ವ್ ಕೂರುತ್ತಿಲ್ಲ. ಎರಡೂ ಸಲ ಚೆನ್ನಾಗಿದ್ದರೆ ಇಪ್ಪತ್ತು ಸಾವಿರ ನಿಮ್ಮ ಜೇಬಿನಲ್ಲೇ ಇರಲಿ.

ಕಪ್ಪು ಹೊಗೆ ಬಂದರೆ ಅದು ಪೆಟ್ರೋಲ್ ಹೆಚ್ಚಾದ ಲಕ್ಷಣ: ಚೋಕ್ ಇಳಿದಿಲ್ಲ, ಏರ್ ಫಿಲ್ಟರ್ ಕಟ್ಟಿದೆ, ಕಾರ್ಬ್ಯುರೇಟರ್ ಸೂಜಿ ಸವೆದಿದೆ. ಬಿಳಿ ಹೊಗೆಯ ಬಗ್ಗೆ ವಿಡಿಯೊಗಳನ್ನು ನೋಡಿ ಹೆದರಿದ್ದೇನೆ ಎಂದಿದ್ದೀರಿ. ಕೂಲೆಂಟ್, ಹೆಡ್ ಗ್ಯಾಸ್ಕೆಟ್ ಎಂದು ಅವರು ಹೇಳುವುದು ನೀರಿನಿಂದ ತಣಿಸುವ ಎಂಜಿನ್‌ಗಳಿಗೆ. ನಿಮ್ಮದನ್ನು ತಣಿಸುವುದು ಗಾಳಿ. ಚಳಿಗಾಲದ ಬೆಳಿಗ್ಗೆ ಸೈಲೆನ್ಸರ್‌ನಿಂದ ಬರುವ ಬಿಳಿ ಆವಿ ನಿಮ್ಮ ಬಾಯಿಂದಲೂ ಬರುತ್ತದೆ.

ಸರಿ, ನೆಲದ ಕಲೆಗಳು. ಅಡಿಯಲ್ಲಿ ಕಂಡ ಕಲೆಯ ನೇರ ಮೇಲೆಯೇ ಸೋರಿಕೆ ಇದೆ ಎಂದು ನಂಬಬೇಡಿ. ಆಯಿಲ್ ಕೆಳಕ್ಕೆ ಹರಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ರಾಕರ್ ಬಾಕ್ಸ್‌ನಲ್ಲಿ ಹುಟ್ಟಿದ ಹನಿ ಗೇರ್‌ಬಾಕ್ಸ್ ಅಡಿಯಲ್ಲಿ ತೊಟ್ಟಿಕ್ಕುವುದು ಸಾಮಾನ್ಯ. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್, ಹಳೆಯ ಹಲ್ಲುಜ್ಜುವ ಬ್ರಷ್, ಒಂದು ಭಾನುವಾರ. ಎಂಜಿನ್ ತಣ್ಣಗಿರುವಾಗ ಮೇಲಿನಿಂದ ಕೆಳಗೆ ತೊಳೆದು, ಪೂರ್ತಿ ಒಣಗಿಸಿ, ಜೋಡಣೆಗಳ ಮೇಲೆಲ್ಲ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ. ಹತ್ತು ಕಿಲೋಮೀಟರ್ ಓಡಿಸಿ ಬನ್ನಿ. ಪೌಡರ್ ಒದ್ದೆಯಾದ ಅತ್ಯಂತ ಎತ್ತರದ, ಅತ್ಯಂತ ಮುಂದಿನ ಜಾಗವೇ ಮೂಲ. ರಾತ್ರಿ ಅಡಿಗೆ ಬಿಳಿ ರಟ್ಟು ಹಾಸಿ, ಎರಡೂ ಚಕ್ರಗಳ ಜಾಗ ಗುರುತು ಮಾಡಿ.

ಬೆಳಿಗ್ಗೆ ರಟ್ಟಿನ ಹನಿಗಳನ್ನು ಬೆರಳಲ್ಲಿ ತೀಡಿ ಮೂಸಿ ನೋಡಿ. ಕಪ್ಪಗೆ, ತೆಳ್ಳಗೆ, ಸುಟ್ಟ ವಾಸನೆ: ಎಂಜಿನ್ ಆಯಿಲ್. ಮಂದವಾಗಿ, ಗಂಧಕದಂತೆ ನಾರುತ್ತಿದ್ದರೆ ಗೇರ್ ಆಯಿಲ್. ಈ ನಾಲ್ಕು ಗೇರಿನ ಆಲ್ಬಿಯನ್ ಮಾದರಿಯ ಗೇರ್ ಪೆಟ್ಟಿಗೆಗೆ ಹಿಂದೆ ಮೆತ್ತನೆಯ ಗ್ರೀಸ್ ತುಂಬುತ್ತಿದ್ದರು. ತೆಳು ಆಯಿಲ್ ತುಂಬಿಸಿದರೆ ಕಿಕ್ ಶಾಫ್ಟ್ ಬಳಿ ಇಳಿಯದೇ ಇರುವುದಿಲ್ಲ. ಮುಂದಿನ ಫೋರ್ಕ್ ಕಾಲಿನ ಮೇಲೆ ಉಂಗುರದಂತೆ ಎಣ್ಣೆ, ಅದಕ್ಕಂಟಿದ ಧೂಳು ಇದ್ದರೆ ಫೋರ್ಕ್ ಸೀಲ್. ಬಣ್ಣ ಏಳುತ್ತಿದ್ದು ಬಿಳಿ ಹುಡಿ ಕಂಡರೆ ಬ್ಯಾಟರಿ ಆ್ಯಸಿಡ್, ಅದನ್ನು ಮಾತ್ರ ಬೆರಳಲ್ಲಿ ಮುಟ್ಟಬೇಡಿ. ಕಲೆ ಬೇಗ ಆರಿ ಮಾಸಲು ಗುರುತು ಉಳಿದರೆ ಪೆಟ್ರೋಲ್. ಉಳಿದವೆಲ್ಲ ಕಾಯಬಹುದು, ಪೆಟ್ರೋಲ್ ಕಾಯುವುದಿಲ್ಲ. ಕಾರ್ಬ್ಯುರೇಟರ್‌ನ ಫ್ಲೋಟ್ ಸೂಜಿ, ಪೆಟ್ರೋಲ್ ನಲ್ಲಿಯ ವಾಷರ್, ಟ್ಯೂಬ್, ಮೂರನ್ನೂ ಅಂದೇ ನೋಡಿ. ಈಗ ಬಂಕ್‌ಗಳಲ್ಲಿ ಸಿಗುವುದು ಎಥನಾಲ್ ಬೆರೆತ ಪೆಟ್ರೋಲ್, 1996ರ ರಬ್ಬರ್ ಅದಕ್ಕಾಗಿ ಮಾಡಿದ್ದಲ್ಲ.

ಎಡಗಡೆ ಸೋರಿಕೆಯಿದ್ದರೆ ಪ್ರೈಮರಿ ಚೈನ್‌ಕೇಸ್ (ಎಂಜಿನ್‌ನಿಂದ ಕ್ಲಚ್‌ಗೆ ಹೋಗುವ ಚೈನಿನ ಪೆಟ್ಟಿಗೆ) ಮೇಲೆ ಕಣ್ಣಿಡಿ. ಆ ದೊಡ್ಡ ಮುಚ್ಚಳವನ್ನು ಹಿಡಿದಿರುವುದು ನಡುವಿನ ಒಂದೇ ನಟ್. ಸೋರಿತೆಂದು ಬಿಗಿದು ಬಿಗಿದು ಮುಚ್ಚಳ ಸೊಟ್ಟಗಾಗಿ ಇನ್ನಷ್ಟು ಸೋರುತ್ತದೆ. ರಬ್ಬರ್ ಸೀಲ್ ಬದಲಿಸಿ, ಹದವಾಗಿ ಬಿಗಿಯಿರಿ. ಬದಲಿಸುವ ಮೊದಲು ಅದರ ಮಟ್ಟದ ಸ್ಕ್ರೂ ತೆಗೆದು ನೋಡಿ. ಅಲ್ಲಿಂದ ಆಯಿಲ್ ಧಾರೆಯಾಗಿ ಬಂದರೆ, ಅಂದರೆ ನೀವು ಹಾಕಿದ್ದಕ್ಕಿಂತ ಹೆಚ್ಚಿದ್ದರೆ, ಕ್ರ್ಯಾಂಕ್‌ನ ಎಡ ಸೀಲ್ ಹೋಗಿ ಎಂಜಿನ್ ಆಯಿಲ್ ಅತ್ತ ದಾಟುತ್ತಿದೆ. ಹೊರಗೆ ಒಂದು ಹನಿಯೂ ಬೀಳದೆ ಆಯಿಲ್ ಕಡಿಮೆಯಾಗುವ ಇನ್ನೊಂದು ದಾರಿ ಅದು.

ಬಲಗಡೆಯಾದರೆ ಸಿಲಿಂಡರ್ ಬುಡದ ಟ್ಯಾಪೆಟ್ ಬಾಗಿಲು, ರಾಕರನ್ನು ತಳ್ಳುವ ಪುಷ್‌ರಾಡ್ ಇರುವ ಕಡೆಯ ಹೆಡ್ ಗ್ಯಾಸ್ಕೆಟ್ ಅಂಚು, ರಾಕರ್‌ಗೆ ಹೋಗುವ ಆಯಿಲ್ ಪೈಪಿನ ಬ್ಯಾಂಜೊ (ಒಳಗೆ ತೂತಿರುವ) ಬೋಲ್ಟ್‌ಗಳು. ಈ ಬೋಲ್ಟ್‌ಗಳ ತಾಮ್ರದ ವಾಷರ್ ಹಳತಾದಂತೆ ಗಟ್ಟಿಯಾಗುತ್ತದೆ. ಗ್ಯಾಸ್ ಒಲೆಯ ಮೇಲೆ ಕೆಂಪಗಾಗುವವರೆಗೆ ಕಾಯಿಸಿ ತಣಿಸಿದರೆ ಮತ್ತೆ ಮೆತ್ತಗಾಗುತ್ತದೆ. ಅಡುಗೆಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಳ್ಳಿ. ಸಿಲಿಕಾನ್ ಸೀಲಂಟ್ ಬಳಿಯಲು ಯಾರಿಗೂ ಬಿಡಬೇಡಿ. ಒಳಗೆ ಉಬ್ಬಿದ ಅದರ ಚೂರು ಕಳಚಿ ಆಯಿಲ್ ದಾರಿಗೆ ಅಡ್ಡ ಕೂತರೆ ಆಗ ನಿಜವಾಗಿ ಎಂಜಿನ್ ಬಿಚ್ಚಬೇಕಾಗುತ್ತದೆ.

ಮೂರೂ ಕಡೆ ಒಟ್ಟಿಗೇ ಸೋರತೊಡಗಿದ್ದೇ ನನಗೆ ಅನುಮಾನ ತಂದಿದೆ. ಮೂರು ಗ್ಯಾಸ್ಕೆಟ್‌ಗಳು ಮಾತಾಡಿಕೊಂಡು ಒಂದೇ ತಿಂಗಳಲ್ಲಿ ಹಾಳಾಗುವುದಿಲ್ಲ. ಎಂಜಿನ್ ಉಸಿರು ಕಟ್ಟಿರಬೇಕು. ಪಿಸ್ಟನ್ ಕೆಳಗಿಳಿದಾಗಲೆಲ್ಲ ಕ್ರ್ಯಾಂಕ್ ಕೋಣೆಯ ಗಾಳಿ ಹೊರಗೆ ಹೋಗಬೇಕು. ಬ್ರೀದರ್ ಪೈಪಿನ ತುದಿಯಲ್ಲಿ ಬಾತುಕೋಳಿ ಕೊಕ್ಕಿನಂಥ ಪುಟ್ಟ ರಬ್ಬರ್ ಇರುತ್ತದೆ: ಗಾಳಿಯನ್ನು ಹೊರಗೆ ಬಿಡುತ್ತದೆ, ಒಳಗೆ ಬಿಡುವುದಿಲ್ಲ. ಅದು ಒಣಗಿ ಅಂಟಿಕೊಂಡರೆ, ಪೈಪ್ ಮಡಚಿದ್ದರೆ, ಕೆಸರು ಕಟ್ಟಿದ್ದರೆ, ಆ ಒತ್ತಡ ಸಿಕ್ಕ ಸಿಕ್ಕ ಸಂದಿನಿಂದ ಆಯಿಲ್ಲನ್ನು ಹೊರದೂಡುತ್ತದೆ. ಕೊಕ್ಕನ್ನು ತೆಗೆದು ಊದಿ ನೋಡಿ, ತಿರುಗಿಸಿ ಎಳೆದು ನೋಡಿ. ಎರಡೂ ಕಡೆ ಒಂದೇ ತರಹ ಇದ್ದರೆ ಹೊಸದು ಹಾಕಿ. ಬೈಕಿನಲ್ಲಿ ಇಷ್ಟು ಅಗ್ಗದ ಭಾಗ ಬೇರೆ ಕಡಿಮೆ. ನನ್ನ ಗಾಡಿಗೆ ಬೋರ್ ಮಾಡಿದವರು ಇದನ್ನು ತೆಗೆದೂ ನೋಡಿರಲಿಲ್ಲ, ಅದರ ಸಿಟ್ಟು ಇನ್ನೂ ಇಳಿದಿಲ್ಲ.

ಹಿಂದಿನ ಚಕ್ರದ ಎಡಬದಿಯ ರಿಮ್ಮಿನಲ್ಲಿ ಕಪ್ಪು ಚುಕ್ಕೆಗಳಿದ್ದರೆ ಅದು ಚೈನ್‌ಗೆ ಹಚ್ಚಿದ ಎಣ್ಣೆ ಎರಚಿದ್ದು, ಸೋರಿಕೆಯ ಲೆಕ್ಕಕ್ಕೆ ಸೇರಿಸಬೇಡಿ. ಟೈರಿನ ನಡುವೆ ಅಥವಾ ಬ್ರೇಕ್ ಡ್ರಮ್ ಒಳಗೆ ಎಣ್ಣೆ ಕಂಡರೆ ಮಾತ್ರ ಗಾಡಿ ಹೊರಗೆ ತೆಗೆಯಬೇಡಿ, ಘಾಟಿಗಂತೂ ಬೇಡವೇ ಬೇಡ.

ನಾನಾಗಿದ್ದರೆ ಮಾಡುವ ಕ್ರಮ ಇದು: ಮೊದಲು ಡ್ರೈನ್ ಬೋಲ್ಟ್ ಬಿಚ್ಚಿ ಕ್ರ್ಯಾಂಕ್ ಕೋಣೆ ಖಾಲಿ ಮಾಡಿ, ಓಡಿಸಿ ಬಂದು ಮಟ್ಟ ಸರಿಪಡಿಸುವುದು. ಅದೇ ದಿನ ಬ್ರೀದರ್ ಕೊಕ್ಕು, ಪೆಟ್ರೋಲ್ ಟ್ಯೂಬ್, ತಾಮ್ರದ ವಾಷರ್. ಆಮೇಲೆ ಪೌಡರ್ ಪರೀಕ್ಷೆ. ನಂತರ ಐನೂರು ಕಿಲೋಮೀಟರ್ ಓಡಿಸಿ, ಎಷ್ಟು ಮಿಲಿ ಆಯಿಲ್ ಮರುಪೂರಣ ಬೇಕಾಯಿತು ಎಂದು ಅಳೆದು ಬರೆದಿಡುವುದು. ಪಂಪಿನ ಡಿಸ್ಕ್ ಉಜ್ಜಿಸುವ ಕೆಲಸ ಮುಂದಿನ ಮಳೆಗಾಲದೊಳಗೆ ಆದರೆ ಸಾಕು, ಅಲ್ಲಿಯವರೆಗೆ ವಾರಕ್ಕೊಮ್ಮೆ ಓಡಿಸುತ್ತಿರಿ. ಪ್ರವಾಸಕ್ಕೆ ಒಂದು ಲೀಟರ್ ಆಯಿಲ್, ಎರಡು ಪ್ಲಗ್, ಒಂದಿಷ್ಟು ಬಟ್ಟೆ ಚೀಲದಲ್ಲಿರಲಿ.

ಡ್ರೈನ್ ಬೋಲ್ಟ್ ಎರಡಿವೆ, ಒಂದು ಟ್ಯಾಂಕಿನದು, ಒಂದು ಕ್ರ್ಯಾಂಕ್ ಕೋಣೆಯದು. ತಪ್ಪಿ ಟ್ಯಾಂಕಿನದನ್ನು ಬಿಚ್ಚಿದರೆ ಡಬ್ಬ ಸಾಲುವುದಿಲ್ಲ, ದೊಡ್ಡ ಬಾಣಲೆಯನ್ನೇ ಇಟ್ಟುಕೊಳ್ಳಿ. ಎಷ್ಟು ಬಂತು, ಪ್ಲಗ್ಗಿನ ತುದಿ ಯಾವ ಬಣ್ಣದಲ್ಲಿದೆ, ಗೆಳೆಯನಿಗೆ ಹತ್ತುವಾಗ ಹೊಗೆ ಕಂಡಿತೇ, ಈ ಮೂರನ್ನು ಇಲ್ಲೇ ಬರೆಯಿರಿ. ಹತ್ತುವಾಗಲೂ ಕಂಡಿದ್ದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ಸರಿಯಿರಬಹುದು, ಆಗ ನಾನು ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.