ಮಂಡಿಚಿಪ್ಪಿನ ಹಿಂದೆ ಕಾರ್ಟಿಲೇಜ್ ಹೋಗಿದೆ, ಮೈಕ್ರೋಫ್ರಾಕ್ಚರ್ ಮಾಡಿಸೋದಾ, ಸೆಲ್ ಬೆಳೆಸಿ ಹಾಕಿಸೋದಾ?

ನಾನು ಕುಮಟಾದಲ್ಲಿ ಫಿಸಿಯೋಥೆರಪಿ ಮಾಡೋನು, ಸರ್ಜನ್ ಅಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೇನೆ. ನೀವು ಬರೆದಿದ್ದು ಇಷ್ಟು: ತಮ್ಮಂಗೆ 29 ವರ್ಷ, ಯಕ್ಷಗಾನ ಮೇಳದಲ್ಲಿ ಪುಂಡುವೇಷ (ಕುಣಿತ ಜಾಸ್ತಿ ಇರೋ ಎಳೆ ವೀರರ ಪಾತ್ರ) ಮಾಡ್ತಾರೆ, ಎಂಆರ್‌ಐನಲ್ಲಿ ಎಡಗಾಲಿನ ಮಂಡಿಚಿಪ್ಪಿನ ಹಿಂದೆ ಕಾರ್ಟಿಲೇಜ್ (ಕೀಲಿನಲ್ಲಿ ಎಲುಬನ್ನ ಮುಚ್ಚೋ ನುಣುಪು ಪದರ) ಗ್ರೇಡ್ 4, 20 ಬೈ 15 ಮಿಲಿಮೀಟರ್ ಅಂತ ಬಂದಿದೆ, ಹುಬ್ಬಳ್ಳಿಯ ಡಾಕ್ಟ್ರು ಮೈಕ್ರೋಫ್ರಾಕ್ಚರ್ ಸಾಕು ಅಂದ್ರು, ಬೆಂಗಳೂರಿನವರು ಸೆಲ್ ಬೆಳೆಸಿ ಹಾಕೋಣ ಅಂದ್ರು, ಈಗ ಯಾರ ಮಾತು ಕೇಳ್ಬೇಕು. ನಂಗೆ ಅನ್ಸೋದು, ಈ ಅಳತೆಗೆ ಈ ಜಾಗಕ್ಕೆ ಬರೀ ಮೈಕ್ರೋಫ್ರಾಕ್ಚರ್ ಅಂದ್ರೆ ಸ್ವಲ್ಪ ಯೋಚ್ನೆ ಮಾಡ್ಬೇಕು, ಹಾಗಂತ ಸೆಲ್‌ಗೆ ಹೂಂ ಅನ್ನೋ ಮುಂಚೆನೂ ಕೇಳ್ಬೇಕಾದ ಒಂದು ಪ್ರಶ್ನೆ ಇದೆ, ಅದಕ್ಕೆ ಆಮೇಲೆ ಬರ್ತೇನೆ.

ಗ್ರೇಡ್ 4 ಅಂದ್ರೆ ಅಲ್ಲಿ ಕಾರ್ಟಿಲೇಜ್ ಪೂರ್ತಿ ಹೋಗಿ ಕೆಳಗಿನ ಎಲುಬು ಕಾಣ್ತಾ ಇದೆ ಅಂತ. ಕಾರ್ಟಿಲೇಜಿಗೆ ರಕ್ತನಾಳ ಇಲ್ಲ, ಹಾಗಾಗಿ ಚರ್ಮದ ಗಾಯ ಮಾಯೋ ಥರ ಅದು ತಾನಾಗಿ ಮಾಯಲ್ಲ. ನಿಮ್ಮ ರಿಪೋರ್ಟಿನ ಲೆಕ್ಕ ಗುಣಿಸಿದ್ರೆ 3 ಚದರ ಸೆಂಟಿಮೀಟರ್ ಆಗ್ತದೆ. ಈಗಿನ, ಅಂದ್ರೆ 2019ರಿಂದ ಬಂದ, ಒಂದು ರೂಪಾಯಿ ನಾಣ್ಯ ತಗೊಳ್ಳಿ, ಅದು 20 ಮಿಲಿಮೀಟರ್ ಅಗಲ, ಹರವು 3 ಚದರ ಸೆಂಟಿಮೀಟರಿಗಿಂತ ಚೂರು ಜಾಸ್ತಿ, ಅಂದ್ರೆ ಹತ್ರಹತ್ರ ಇಡೀ ನಾಣ್ಯದಷ್ಟು ಜಾಗ ಬೋಳಾಗಿದೆ. ಇನ್ನೊಂದು ಮಾತು, ಎಂಆರ್‌ಐಯಲ್ಲಿ ಕಂಡಿದ್ದಕ್ಕಿಂತ ಒಳಗೆ ಕ್ಯಾಮರಾ ಹಾಕಿ ನೋಡ್ದಾಗ ದೊಡ್ಡದೇ ಇರೋದು ಜಾಸ್ತಿ.

ಮೈಕ್ರೋಫ್ರಾಕ್ಚರ್ ಅಂದ್ರೆ ಅಮೆರಿಕದ ಕೊಲರಾಡೋದಲ್ಲಿ ರಿಚರ್ಡ್ ಸ್ಟೆಡ್‌ಮನ್ ಅನ್ನೋ ಸರ್ಜನ್ 1980ರ ದಶಕದಲ್ಲಿ ರೂಢಿಗೆ ತಂದಿದ್ದು. ದೂರ್ಬೀನಿನಲ್ಲಿ (ಮಂಡಿಯೊಳಗೆ ಹಾಕೋ ಸಣ್ಣ ಕ್ಯಾಮರಾ) ಸಡಿಲ ಚೂರೆಲ್ಲಾ ಕೆರೆದು ಅಂಚು ಗಟ್ಟಿ ಮಾಡಿ, ಎಲುಬಿಗೆ ಮೂರ್ನಾಲ್ಕು ಮಿಲಿಮೀಟರಿಗೊಂದರಂತೆ ಸಣ್ಣ ತೂತು ಹೊಡೀತಾರೆ, ಮಜ್ಜೆಯಿಂದ ರಕ್ತ ಒಸರಿ ಅಲ್ಲೇ ಹೆಪ್ಪುಗಟ್ಟಿ ನಿಧಾನಕ್ಕೆ ಹೊಸ ಪದರ ಆಗ್ತದೆ. ಒಂದೇ ಆಪರೇಷನ್, ಖರ್ಚೂ ಕಡಿಮೆ. ಆದ್ರೆ ಹುಟ್ಟೋದು ನಾರಿನ ಥರದ ಕಾರ್ಟಿಲೇಜ್, ಮೊದಲಿದ್ದ ನುಣುಪಿಂದಲ್ಲ, ತಡ್ಕೊಳ್ಳೋ ಶಕ್ತಿಯೂ ಕಮ್ಮಿ. 2 ಚದರ ಸೆಂಟಿಮೀಟರ್ ಒಳಗಿದ್ರೆ, ವಯಸ್ಸು ಸಣ್ಣದಿದ್ರೆ ಒಳ್ಳೇದು. ದೊಡ್ಡ ಗಾಯಕ್ಕೆ ಮಾಡಿದ್ರೆ ಮೊದ್ಲೊಂದೆರಡು ವರ್ಷ ಚೆನ್ನಾಗಿದ್ದು ಆಮೇಲೆ ಮತ್ತೆ ನೋವು ಶುರುವಾಗೋದುಂಟು. ನಡುವೆ ಮೊಸಾಯಿಕ್‌ಪ್ಲಾಸ್ಟಿ ಅಂತಾನೂ ಒಂದಿದೆ, ಮಂಡಿಯ ಭಾರ ಬೀಳದ ಅಂಚಿಂದ ಎಲುಬು ಸಮೇತ ತುಂಡು ತೆಗೆದು ಇಲ್ಲಿ ಕೂರ್ಸೋದು. ಚಿಪ್ಪಿಗೆ ಅದು ಅಷ್ಟು ಸುಲಭ ಅಲ್ಲ, ಬಿಡಿ.

ಸೆಲ್ ಬೆಳೆಸೋದಕ್ಕೆ ಎರಡು ಆಪರೇಷನ್. ಮೊದ್ಲು ದೂರ್ಬೀನಿಂದ ಅವರದೇ ಕಾರ್ಟಿಲೇಜಿನ ಸಣ್ಣ ಚೂರು ತೆಗೆದು ಲ್ಯಾಬಿಗೆ ಕಳ್ಸಿ ಕೆಲವು ವಾರ ಬೆಳೆಸಿ, ಆಮೇಲೆ ಮಂಡಿ ತೆರೆದು ಅಲ್ಲಿ ತುಂಬೋದು. ಸ್ವೀಡನ್ನಿನವರು 1994ರಲ್ಲಿ ಮೊದಲ 23 ಜನರ ಫಲಿತಾಂಶ ಬರೆದ್ರು. ತೊಡೆ ಎಲುಬಿನ ತುದಿಗೆ ಹಾಕಿಸ್ಕೊಂಡ 16 ಜನರಲ್ಲಿ 14 ಮಂದಿಗೆ ಚೆನ್ನಾಗಾಯ್ತು, ಮಂಡಿಚಿಪ್ಪಿಗೆ ಹಾಕಿದ 7 ಜನರಲ್ಲಿ ಇಬ್ಬರಿಗೆ ಮಾತ್ರ. ನಿಮ್ಮ ತಮ್ಮಂದು ಚಿಪ್ಪೇ, ಅದಕ್ಕೇ ಈ ಲೆಕ್ಕ ಹೇಳಿದ್ದು. ಆಮೇಲಾಮೇಲೆ ಸರ್ಜನ್‌ಗಳಿಗೆ ಒಂದು ಗೊತ್ತಾಯ್ತು, ಚಿಪ್ಪು ತೊಡೆ ಎಲುಬಿನ ತುದಿಯ ತೋಡಿನಲ್ಲಿ ನೆಟ್ಟಗೆ ಜಾರ್ದೆ ಪಕ್ಕಕ್ಕೆ ಎಳೀತಾ ಇದ್ರೆ, ಏನೇ ಹಾಕಿದ್ರೂ ಅದೇ ಕಡೆ ಮತ್ತೆ ಸವೀತದೆ. ಹಾಗಾಗಿ ಚಿಪ್ಪಿನ ಕೆಳಗಿನ ಎಲುಬಿನ ಗುಬುಟನ್ನ ಸ್ವಲ್ಪ ಸರಿಸಿ ಕೂರ್ಸೋ ಕೆಲ್ಸವನ್ನೂ ಜೊತೆಗೇ ಮಾಡೋದು ಶುರುವಾಯ್ತು, ಈಗ ಚಿಪ್ಪಿನ ಫಲಿತಾಂಶವೂ ಎಷ್ಟೋ ಸುಧಾರಿಸಿದೆ. ಇದೇ ನಾನು ಹೇಳಿದ್ದ ಪ್ರಶ್ನೆ: ಚಿಪ್ಪು ಸರಿ ಜಾಗದಲ್ಲಿ ಓಡ್ತಿದ್ಯಾ, ಕಾಲು ನೆಟ್ಟಗಿದ್ಯಾ? ಅದನ್ನ ಅಳೆದು ನೋಡ್ದೆ ಯಾರಾದ್ರೂ ತಾರೀಖು ಕೊಟ್ರೆ ನಂಗೆ ಸಮಾಧಾನ ಇಲ್ಲ.

ಪೇಪರಲ್ಲಿ ಬರೋ 'ಒಂದೇ ಇಂಜೆಕ್ಷನ್, ಸ್ಟೆಮ್ ಸೆಲ್ಲಿಂದ ಹೊಸ ಮಂಡಿ' ಅನ್ನೋ ಜಾಹೀರಾತಿಗೂ ಇದಕ್ಕೂ ಸಂಬಂಧ ಇಲ್ಲ ಮಾರಾಯ್ರೆ, ಅದಕ್ಕೆ ದುಡ್ಡು ಕೊಡ್ಬೇಡಿ. ಸೆಲ್ ಆಪರೇಷನ್ನೇ ಲಕ್ಷಗಟ್ಟಲೆ ಆಗ್ತದೆ, ಇನ್ಶೂರೆನ್ಸ್‌ನವರು ಕೊಡ್ತಾರಾ ಅಂತ ಮೊದ್ಲೇ ಬರಹದಲ್ಲಿ ತಗೊಳ್ಳಿ.

ಈಗ ನನ್ನ ಕೆಲ್ಸದ ವಿಷ್ಯ. ಆಪರೇಷನ್ ಎರಡು ಗಂಟೆ ಇರ್ಬಹುದು, ಆಮೇಲಿನದು ತಿಂಗಳುಗಟ್ಟಲೆ. ತೊಡೆ ಎಲುಬಿನ ತುದಿಯಾದ್ರೆ ಆರರಿಂದ ಎಂಟು ವಾರ ಆ ಕಾಲಿಗೆ ಭಾರ ಕೊಡಂಗಿಲ್ಲ. ಚಿಪ್ಪಾದ್ರೆ ಬ್ರೇಸ್ ನೆಟ್ಟಗೆ ಲಾಕ್ ಮಾಡ್ಕೊಂಡು ನಡೀಲಿಕ್ಕೆ ಸಾಮಾನ್ಯವಾಗಿ ಬಿಡ್ತಾರೆ, ಆದ್ರೆ ಮಂಡಿ ಮಡಿಸಿ ಭಾರ ಹಾಕೋದು, ಕುಕ್ಕರಗಾಲಲ್ಲಿ ಕೂರೋದು, ಮೆಟ್ಲು ಹತ್ತೋದು ತುಂಬ ದಿನ ಬೇಡ, ಆಳಕ್ಕೆ ಕೂತಾಗ ಚಿಪ್ಪಿನ ಮೇಲೆ ಮೈತೂಕದ ಹಲವು ಪಟ್ಟು ಒತ್ತಡ ಬೀಳ್ತದೆ. ನಮ್ಮ ಕಡೆ ಮನೆ ಹೇಗಿರ್ತಾವೆ ನಿಮಗೆ ಗೊತ್ತಲ್ಲ, ರಸ್ತೆಯಿಂದ ಕಲ್ಲಿನ ಮೆಟ್ಲಿಳಿದು ಅಂಗಳ, ಅಂಗಳದಲ್ಲಿ ಅಡಿಕೆ ದಬ್ಬೆ, ಬಚ್ಚಲುಮನೆ ಹೊರಗೆ, ಮಳೆಗಾಲದಲ್ಲಿ ಪಾಚಿ. ಮೇಳ ಮುಗಿದು ಮಳೆ ಶುರುವಾಗೋವಾಗ ಮಾಡ್ಸೋಣ ಅಂತ ಎಲ್ರೂ ಲೆಕ್ಕ ಹಾಕ್ತಾರೆ, ಬಿಡುವೇನೋ ಹೌದು, ಜಾರಿ ಬೀಳೋದೂ ಆಗಲೇ. ಕಮೋಡ್ ಚೇರ್, ಜಗುಲಿ ಪಕ್ಕದ ಕೋಣೆಯಲ್ಲಿ ಮಂಚ, ರಬ್ಬರ್ ತುದಿ ಸವೆಯದ ಕ್ರಚಸ್, ಇಷ್ಟನ್ನ ಆಪರೇಷನ್‌ಗೆ ಹೋಗೋ ಮುಂಚೆನೇ ಮಾಡಿಡಿ.

ಒಂದು ಮಳೆಗಾಲದಲ್ಲಿ ಇದು ಮುಗಿಯಲ್ಲ. ಸೆಲ್ ಹಾಕಿದ್ರೆ ಹಾರೋ ಕುಣಿಯೋ ಕೆಲ್ಸಕ್ಕೆ ಒಂಬತ್ತು ತಿಂಗಳಿಂದ ಒಂದು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ. ಮೇಳದ ಮುಂದಿನ ತಿರುಗಾಟ (ಊರೂರು ಸುತ್ತಿ ಆಟ ಆಡೋ ಹಂಗಾಮು) ಬಿಡ್ಬೇಕಾಗ್ತದೆ, ಮೇಳದ ಯಜಮಾನರಿಗೆ ಈಗ್ಲೇ ಹೇಳೋದು ಒಳ್ಳೇದು. ಮತ್ತೆ ಬಬ್ರುವಾಹನ ಮಾಡಿ ಮಂಡಿ ಹಾಕಿ ಸುತ್ತು ಹೊಡೀಬಹುದಾ ಅಂತ ಕೇಳಿದ್ರಿ. ನೆಲಕ್ಕೆ ಮಂಡಿ ಊರಿ ಸುತ್ತೋದು ಚಿಪ್ಪಿನ ಮೇಲೇ ಮೈಯೆಲ್ಲಾ ಹಾಕಿದ ಹಾಗೆ, ನಾನಂತೂ ಬೇಡ ಅಂತೇನೆ, ಯಾವ ಆಪರೇಷನ್ ಆದ್ರೂ. ಕುಣಿತ, ಮಾತು, ಅಭಿನಯ ಉಳೀತದೆ, ವೇಷ ಬದ್ಲಾಯಿಸ್ಕೊಳ್ಬಹುದು.

ನಮ್ಮ ಜಿಲ್ಲೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಕೂಗಿ ಕೂಗಿ ಸಾಕಾಗಿದೆ, ಅಲ್ಲಿತನಕ ಹುಬ್ಬಳ್ಳಿ, ಮಣಿಪಾಲ ಅಂತ ಓಡಾಟ ತಪ್ಪಿದ್ದಲ್ಲ, ಹಾಗಾಗಿ ಫಿಸಿಯೋ ಆದ್ರೂ ಶಿರಸಿಯಲ್ಲೋ ಮನೆ ಹತ್ರವೋ ಇರೋರನ್ನ ಹಿಡೀರಿ, ಸರ್ಜನ್ ಹತ್ರ ವಾರವಾರದ ಪ್ಲಾನ್ ಬರೆಸ್ಕೊಂಡು ಅವರ ಕೈಗೆ ಕೊಡಿ. ಅಲ್ಲಿವರೆಗೆ ತಮ್ಮಂಗೆ ತೊಡೆ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ ಶುರು ಮಾಡಿ, ಕಾಲು ನೆಟ್ಟಗಿಟ್ಟು ಮಂಡಿ ಕೆಳಗೆ ಟವೆಲ್ ಸುರುಳಿ ಇಟ್ಟು ಒತ್ತೋದು, ನೋವು ಬಂದ್ರೆ ನಿಲ್ಸೋದು. ರಿಪೋರ್ಟಿನ ಪೂರ್ತಿ ಸಾಲು ಹಾಕಿದ್ರೆ, ಹೆಸರು ಮುಚ್ಚಿ, ಚಿಪ್ಪು ಸರಿದಿದೆಯೋ ಇಲ್ವೋ ಬರ್ದಿದ್ದಾರಾ ಅಂತ ನೋಡಿ ಹೇಳ್ತೇನೆ.