ಬೀಳ್ಕೊಡುಗೆಯ ಆ ಅರ್ಧ ನಿಮಿಷ

ಆತ್ಮೀಯ ಓದುಗರೇ,

ತಂಗಿಯ ಮದುವೆಯ ಸಂಜೆ ನವದಂಪತಿಯನ್ನು ಅದ್ದೂರಿಯಾಗಿ ಬೀಳ್ಕೊಡಬೇಕು ಎಂದು ಬರೆದಿದ್ದೀರಿ. ಇನ್ನೂರು ಅತಿಥಿಗಳು, ಎಲ್ಲರ ಕೈಯಲ್ಲೂ ಸುರುಸುರು ಬತ್ತಿ, ಆಕಾಶಕ್ಕೆ ಹಾರಿಬಿಡುವ ಕಾಗದದ ದೀಪಗಳು, ಮೇಲಿನಿಂದ ಮಿನುಗು ಚೂರುಗಳ ಮಳೆ. ನಿಮ್ಮ ತಾಯಿಗೆ ಮಾತ್ರ ಇದ್ಯಾವುದೂ ಹಿಡಿಸಿಲ್ಲ. ‘ಮಗಳು ಹೊರಟು ನಿಂತಾಗ ಇಷ್ಟೆಲ್ಲ ಗದ್ದಲ ಬೇಕೇ’ ಎಂದು ಮುನಿಸಿಕೊಂಡಿದ್ದಾರಂತೆ.

ತಾಯಿಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅವರಿಗೆ ಸಂಭ್ರಮ ಬೇಡವೆಂದಲ್ಲ. ಅಷ್ಟು ಜನರ ನಡುವೆ, ಕ್ಯಾಮೆರಾದ ಎದುರು ಮಗಳನ್ನು ತಬ್ಬಿ ಅಳುವುದು ಹೇಗೆ ಎಂಬ ಅಳುಕು ಇರಬೇಕು. ಆದ್ದರಿಂದ ಬೀಳ್ಕೊಡುಗೆಯನ್ನು ಎರಡಾಗಿ ಮಾಡಿ. ಹೊರಡುವ ಅರ್ಧ ಗಂಟೆ ಮೊದಲು ಒಂದು ಕೋಣೆಯನ್ನು ಖಾಲಿ ಮಾಡಿಸಿ, ಹೆತ್ತವರನ್ನೂ ಮಕ್ಕಳನ್ನೂ ಒಳಗೆ ಬಿಟ್ಟು ಬಾಗಿಲು ಮುಚ್ಚಿ. ಫೋಟೊ ತೆಗೆಯುವವರು ಅಲ್ಲಿ ಬೇಡ. ಹೇಳುವುದನ್ನು ಹೇಳಿ, ಅಳುವುದಿದ್ದರೆ ಅತ್ತು, ಮುಖ ತೊಳೆದುಕೊಂಡು ಹೊರಬರಲಿ. ವರನ ಹೆತ್ತವರಿಗೂ ಅಂಥದೇ ಹತ್ತು ನಿಮಿಷ ಸಿಗಲಿ. ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಬಿಡಲೇಬಾರದ್ದು ಇದೊಂದೇ.

ಇನ್ನು ಹೊರಗಿನ ಸಂಭ್ರಮ. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಇನ್ನೂರು ಜನ ಎದುರುಬದುರು ಎರಡು ಸಾಲಾಗಿ ನಿಂತರೆ, ಒಬ್ಬರಿಗೆ ಅರ್ಧ ಮೀಟರ್ ಎಂದರೂ 50 ಮೀಟರ್ ಉದ್ದದ ದಾರಿ ಬೇಕು. ಅಷ್ಟು ಜಾಗ ಎಲ್ಲಿದೆ? ಪ್ರತಿ ಬದಿಯಲ್ಲೂ ಒಬ್ಬರ ಹಿಂದೊಬ್ಬರನ್ನು ನಿಲ್ಲಿಸಿದರೆ 25 ಮೀಟರಿಗೆ ಇಳಿಯುತ್ತದೆ. ಅದನ್ನು ನಡೆದು ದಾಟಲು ಅರ್ಧ ನಿಮಿಷ ಸಾಕು. ನೀವು ತಿಂಗಳುಗಟ್ಟಲೆ ತಲೆಕೆಡಿಸಿಕೊಂಡಿರುವುದೆಲ್ಲ ಈ ಅರ್ಧ ನಿಮಿಷಕ್ಕಾಗಿ! ನಡುವೆ ಒಮ್ಮೆ ನಿಂತು ಸುತ್ತ ನೋಡುವಂತೆ ತಂಗಿಗೆ ಮೊದಲೇ ಹೇಳಿಡಿ. ಇಲ್ಲದಿದ್ದರೆ ತಲೆ ತಗ್ಗಿಸಿ ಸರಸರನೆ ನಡೆದುಬಿಡುತ್ತಾರೆ.

ಸುರುಸುರು ಬತ್ತಿಯ ಕಷ್ಟವೂ ಇಲ್ಲೇ ಇದೆ. ಹತ್ತು ಅಂಗುಲದ ಬತ್ತಿ ಒಂದು ನಿಮಿಷವೂ ಉರಿಯುವುದಿಲ್ಲ. ಸಾಲಿನ ಈ ತುದಿಯಿಂದ ಆ ತುದಿಗೆ ಬೆಂಕಿ ತಲುಪುವಷ್ಟರಲ್ಲಿ ಮೊದಲಿನವು ಆರಿರುತ್ತವೆ. ಅದರ ಕಿಡಿಯ ಬಿಸಿ 1000 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಆರಿದ ಮೇಲೂ ತಂತಿ ಕೈ ಸುಡುವಷ್ಟು ಕಾದಿರುತ್ತದೆ. ರೇಷ್ಮೆ, ಸಿಂಥೆಟಿಕ್ ಸೆರಗು, ಎತ್ತಿಕೊಂಡ ಮಗು, ಇಕ್ಕಟ್ಟಾದ ಸಾಲು, ಇವೆಲ್ಲದರ ನಡುವೆ ನಾನಂತೂ ಇನ್ನೂರು ಜನರ ಕೈಗೆ ಅದನ್ನು ಕೊಡುವುದಿಲ್ಲ. ಬೇಕೇ ಬೇಕೆಂದರೆ ಇಪ್ಪತ್ತು ಮಂದಿ ಗೆಳೆಯರಿಗಷ್ಟೇ ಉದ್ದದ ಬತ್ತಿ ಕೊಟ್ಟು, ವಾಹನದ ಸಮೀಪ ದೂರದೂರ ನಿಲ್ಲಿಸಿ, ಪಕ್ಕದಲ್ಲಿ ನೀರಿನ ಬಕೆಟ್ ಇಡಿ. ಒಂದು ಹಿಡಿ ಬತ್ತಿಯನ್ನು ಒಟ್ಟಿಗೆ ಕಟ್ಟಿ ಹಚ್ಚಲು ಯಾರಿಗೂ ಬಿಡಬೇಡಿ, ಅದು ಸಿಡಿಯುತ್ತದೆ.

ಹಾರುವ ದೀಪಗಳನ್ನು ಪಟ್ಟಿಯಿಂದ ತೆಗೆದೇಬಿಡಿ. 2020ರ ಹೊಸ ವರ್ಷದ ರಾತ್ರಿ ಜರ್ಮನಿಯ ಕ್ರೆಫೆಲ್ಡ್ ಮೃಗಾಲಯದಲ್ಲಿ ವಾನರಗಳ ಮನೆ ಸುಟ್ಟು ಮೂವತ್ತಕ್ಕೂ ಹೆಚ್ಚು ಪ್ರಾಣಿಗಳು ಸತ್ತದ್ದು ಇಂಥ ದೀಪಗಳಿಂದಲೇ. ಬಿಟ್ಟವರಿಗೆ ಕೇಡು ಬಗೆಯುವ ಉದ್ದೇಶವಿರಲಿಲ್ಲ. ಹಾರಿದ ಬೆಂಕಿ ಎಲ್ಲಿ ಇಳಿಯುತ್ತದೆಂಬುದು ಯಾರ ಕೈಯಲ್ಲೂ ಇಲ್ಲ. ಪ್ಲಾಸ್ಟಿಕ್ ಮಿನುಗು ಪುಡಿಯೂ ಬೇಡ. ಅದನ್ನು ಪೂರ್ತಿ ಗುಡಿಸಿ ತೆಗೆಯಲಾಗುವುದಿಲ್ಲ. ಯುರೋಪಿಯನ್ ಒಕ್ಕೂಟ 2023ರ ಅಕ್ಟೋಬರ್‌ನಿಂದ ಅದರ ಬಿಡಿ ಮಾರಾಟವನ್ನೇ ನಿಲ್ಲಿಸಿದೆ.

ಅಕ್ಕಿ ಎರಚಿದರೆ ಅದನ್ನು ತಿಂದ ಹಕ್ಕಿಗಳ ಹೊಟ್ಟೆ ಒಡೆಯುತ್ತದೆಯೇ ಎಂದೂ ಕೇಳಿದ್ದೀರಿ. ಇಲ್ಲ. ಹಕ್ಕಿಗಳು ಗದ್ದೆಗಿಳಿದು ಹಸಿ ಕಾಳನ್ನೇ ತಿನ್ನುತ್ತವೆ. ಆದರೂ ಈ ನಂಬಿಕೆ ಎಷ್ಟು ಬಲವಾಗಿತ್ತೆಂದರೆ, 1985ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಮದುವೆಯಲ್ಲಿ ಅಕ್ಕಿ ಎರಚುವುದನ್ನು ನಿಷೇಧಿಸುವ ಮಸೂದೆಯೇ ಮಂಡನೆಯಾಗಿತ್ತು. ಅಕ್ಕಿಯ ನಿಜವಾದ ತೊಂದರೆ ನುಣುಪು ನೆಲದ ಮೇಲೆ: ವಯಸ್ಸಾದವರು ಕಾಲಿಟ್ಟರೆ ಜಾರುತ್ತಾರೆ. ಸೋಪಿನ ಗುಳ್ಳೆಯ ನೀರೂ ಹಾಗೆಯೇ, ಅದನ್ನು ಬಯಲಲ್ಲಿ ಮಾತ್ರ ಬಳಸಿ.

ನನ್ನ ಆಯ್ಕೆ ಹೂವಿನ ಎಸಳು. ಅಂದೇ ಬಿಡಿಸಿದ್ದು, ಒದ್ದೆಯಿಲ್ಲದ್ದು. ಒದ್ದೆ ಎಸಳು ಮುದ್ದೆಯಾಗಿ ಬೀಳುತ್ತದೆ, ಬಟ್ಟೆಗೆ ಕಲೆಯನ್ನೂ ಹಚ್ಚುತ್ತದೆ. ಮುಖಕ್ಕೆ ಎಸೆಯದೆ ತಲೆಯ ಮೇಲಕ್ಕೆ ತೂರಲು ಹೇಳಿ. ಮೊದಲ ಹಿಡಿ ನಿಮ್ಮ ತಾಯಿಯದಾಗಲಿ.

ಹೊತ್ತಿನ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಸಮಾರಂಭ ಪೂರ್ತಿ ಮುಗಿಯಲಿ ಎಂದು ಕಾದರೆ ಮಕ್ಕಳು ನಿದ್ದೆಹೋಗಿರುತ್ತಾರೆ, ಅಜ್ಜ ಅಜ್ಜಿಯರು ಹೊರಟಿರುತ್ತಾರೆ. ಜನ ತುಂಬಿರುವಾಗಲೇ ಬೀಳ್ಕೊಡಿ. ಉಳಿದವರು ಆಮೇಲೆ ಹಾಡಿ ಕುಣಿಯಲಿ. ಸಾಲು ನಿಲ್ಲಿಸಲು ಗಟ್ಟಿ ದನಿಯ ಒಬ್ಬರನ್ನು ನೇಮಿಸಿ. ಆ ಕೆಲಸವನ್ನು ನೀವು ಹಚ್ಚಿಕೊಳ್ಳಬೇಡಿ, ನೀವು ತಂಗಿಯ ಪಕ್ಕದಲ್ಲಿರಬೇಕಾದವರು.

ವಾಹನಕ್ಕೆ ಅಲಂಕಾರ ಎಷ್ಟಾದರೂ ಇರಲಿ, ಮುಂದಿನ ಗಾಜು, ಕನ್ನಡಿ, ದೀಪ, ನಂಬರ್ ಫಲಕ ಮುಚ್ಚಬಾರದು. ಚಾಲಕರು ಮೊದಲೇ ಕುಳಿತಿರಲಿ. ದಂಪತಿಯ ಚೀಲ, ಮೊಬೈಲ್, ಔಷಧ, ಬದಲಿ ಬಟ್ಟೆಗಳನ್ನು ಮಧ್ಯಾಹ್ನವೇ ವಾಹನಕ್ಕೆ ಸೇರಿಸಿ. ಎಸಳು ಎರಚಿಸಿಕೊಂಡು ಹೊರಟವರು ಐದು ನಿಮಿಷಕ್ಕೆ ಚಾರ್ಜರ್ ಹುಡುಕಿಕೊಂಡು ವಾಪಸ್ ಬರುವಂತಾಗಬಾರದು.

— ಸಂಪಾದಕ